ಸಡ್ಲ ಹೊಲೀರಿ

ಧಾರವಾಡದ ಕಡೆ ಮಗನ ಅಂಗಿ ಹೊಲಿಸಲು ಬಂದ ತಾಯಿ ದರ್ಜಿಗೆ ಹೇಳುವ ಮಾತು ಒಂದೇ: "ಬೆಳಿಯೋ ಹುಡುಗ ಅದಾನ್ರೀ, ಸ್ವಲ್ಪ ಸಡ್ಲ ಹೊಲೀರಿ." ದರ್ಜಿ ಟೇಪು ಹಿಡಿದು ಎದೆ, ಭುಜ, ಉದ್ದ ಎಲ್ಲ ಅಳೆದು ಬರೆದುಕೊಳ್ಳುತ್ತಾನೆ. ಹೊಲಿಯುವುದು ಮಾತ್ರ ಆ ಅಳತೆಗಲ್ಲ, ಬರುವ ವರ್ಷದ ದೀಪಾವಳಿಗೆ ಹುಡುಗ ಎಷ್ಟಾಗಿರಬಹುದು ಎಂಬ ಅಂದಾಜಿಗೆ. ಹೀಗಾಗಿ ಅಂಗಿ ಹೊಸದಿದ್ದಾಗ ದೊಡ್ಡದು, ಮೈಗೆ ಸರಿಹೋಗುವ ಹೊತ್ತಿಗೆ ಹಳೆಯದು. ಎರಡೂ ಕೂಡಿಬಂದ ದಿನಗಳೂ ಇದ್ದಿರಬೇಕು. ನಮ್ಮ ಮನೆಯ ಫೋಟೋಗಳಲ್ಲಂತೂ ಅವು ಸಿಕ್ಕಿಲ್ಲ. ಅಲ್ಲಿ ಅಣ್ಣನ ಬೆರಳ ತುದಿಗಳಷ್ಟೇ ತೋಳಿನಿಂದ ಹೊರಗೆ ಇಣುಕುತ್ತಿವೆ.

ಮನೆಯಲ್ಲೇ ಹೊಲಿಯುವ ತಾಯಂದಿರು ದರ್ಜಿಗಿಂತ ಒಂದು ಕೈ ಮೇಲು. ಅವ್ವ ನನ್ನ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಒಳಮಡಿಕೆ ಬಿಟ್ಟು, ಅದರ ಮೇಲೆ ಸಾಲಾಗಿ ಅಡ್ಡ ಟಕ್ಕು ಹಿಡಿಯುತ್ತಿದ್ದಳು. ನೋಡಿದವರು ಅಲಂಕಾರ ಅಂದುಕೊಳ್ಳಬೇಕು. ಅಸಲಿಗೆ ಅದು ಅವ್ವನ ಉಳಿತಾಯ ಖಾತೆ. ಜೂನ್ ಬಂತೆಂದರೆ ಒಂದು ಟಕ್ಕು ಬಿಚ್ಚುವುದು. ಬಿಚ್ಚಿದಲ್ಲಿ ಬಿಸಿಲು ಕಾಣದ ಬಟ್ಟೆ ಗಾಢ ಬಣ್ಣದ ಪಟ್ಟಿಯಾಗಿ ಉಳಿಯುತ್ತಿತ್ತು. ಓಣಿಯ ಅಜ್ಜಿಯರು ಪಟ್ಟಿ ಎಣಿಸಿಯೇ, "ಐದನೇ ಇಯತ್ತೆಗೆ ಬಂದಿ ಏನವಾ?" ಎಂದು ಕೇಳುತ್ತಿದ್ದರು.

ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಹೊಲಿಗೆ ಕ್ಲಾಸಿನಲ್ಲಿ ಇದು ಮೊದಲೇ ಬರುವ ಪಾಠ. ಹಬ್ಬದ ಹಿಂದಿನ ರಾತ್ರಿ ಮಷೀನಿನ ಮುಂದೆ ಕೂತವರಿಗೆ ಇದನ್ನು ನೆನಪಿಸುವ ಧೈರ್ಯ ಯಾರಿಗಿದೆ? ಆಮೇಲೆ ಮಗು ಬೆಳೆಯುತ್ತದೆ, ಬಟ್ಟೆ ಕುಗ್ಗುತ್ತದೆ. ಎರಡಕ್ಕೂ ಸೇರಿ ಬಿಟ್ಟದ್ದು ಅದೇ ನಾಲ್ಕು ಬೆರಳು.

ಇಷ್ಟು ಮುಂದಾಲೋಚನೆಯ ಹೆಂಗಸರು ಹುಟ್ಟಲಿರುವ ಕೂಸಿಗೆ ಮಾತ್ರ ಒಂದು ಹೊಲಿಗೆಯನ್ನೂ ಮೊದಲೇ ಹಾಕುವುದಿಲ್ಲ. ಅದು ಬಂದ ಮೇಲೂ ಮೊದಲು ಸುತ್ತುವುದು ಅಜ್ಜನ ಹಳೆಯ ಧೋತರದ ತುಂಡನ್ನೋ ಅಜ್ಜಿಯ ಸವೆದ ಸೀರೆಯನ್ನೋ. ದೃಷ್ಟಿಯಾದೀತು ಎಂಬುದು ಹೇಳುವ ಕಾರಣ. ನೂರಾರು ಒಗೆತ ಕಂಡ ಬಟ್ಟೆಯಷ್ಟು ಮೆತ್ತಗಿನದು ಯಾವ ಅಂಗಡಿಯಲ್ಲೂ ಇಲ್ಲ ಎಂಬುದು ಹೇಳದೆ ಗೊತ್ತಿರುವ ಕಾರಣ. ತೊಟ್ಟಿಲು ಕಾರ್ಯ ಮುಗಿಯಲಿ, ಆಮೇಲೆ ನೋಡಬೇಕು ಸಡಗರ! ಗುಳೇದಗುಡ್ಡದ ಖಣ ಹೊರಬರುತ್ತದೆ, ಕುಂಚಗಿ, ಕುಲಾವಿ, ಝಬಲಾ ಎಲ್ಲ ಒಂದೇ ವಾರದಲ್ಲಿ ತಯಾರು.

ಯಂತ್ರಗಳ ಬಗ್ಗೆ ಅಷ್ಟು ಮುನಿಸಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಮಷೀನಿಗೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲೇ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಈ ಯಂತ್ರ ಕಂಡುಹಿಡಿದ ಎಂಬುದು ಅವರು ಹೇಳಿದ ಕತೆ. ಕತೆ ಚೆನ್ನಾಗಿದೆ. ಆದರೆ ತುದಿಯಲ್ಲಿ ಕಣ್ಣಿರುವ ಸೂಜಿಯ ಯಂತ್ರಕ್ಕೆ 1846ರಲ್ಲೇ ಎಲಿಯಾಸ್ ಹೋವ್ ಪೇಟೆಂಟ್ ಪಡೆದಿದ್ದ. ಸಿಂಗರ್ ಬಂದದ್ದು 1851ರಲ್ಲಿ. ಇನ್ನು ಸಿಂಗರ್ ಸಾಹೇಬನ ಸಂಸಾರವೋ, ಒಂದಲ್ಲ, ಹಲವು; ಮಕ್ಕಳು ಇಪ್ಪತ್ತಕ್ಕೂ ಹೆಚ್ಚು. ಅಷ್ಟು ಮಕ್ಕಳ ಚಡ್ಡಿಗಳನ್ನು ಯೋಚಿಸಿದರೆ ಕೈಹೊಲಿಗೆಯಿಂದ ಆಗುವ ಕೆಲಸ ಅಲ್ಲವೇ ಅಲ್ಲ.

ಚಡ್ಡಿ ಎಂದೆನಲ್ಲ, ತೇಪೆಯ ಶಾಸ್ತ್ರವೆಲ್ಲ ಇರುವುದು ಅಲ್ಲೇ. ಶಹಾಬಾದ್ ಕಲ್ಲಿನ ನೆಲದ ಮೇಲೆ ದಿನವಿಡೀ ಕೂತು, ಸಂಜೆ ಮಣ್ಣಿನ ದಿಬ್ಬದಿಂದ ಜಾರುವ ಹುಡುಗನ ಖಾಕಿ ಚಡ್ಡಿ ಎಲ್ಲಿ ಮೊದಲು ಸವೆಯುತ್ತದೆಂದು ಹೇಳಬೇಕಿಲ್ಲ. ಹರಿದದ್ದು ಕಂಡರೆ "ಪೋಸ್ಟ್ ಆಫೀಸ್ ತೆರದೈತಿ" ಎಂದು ಗೆಳೆಯರ ಕೂಗು. ಗಟ್ಟಿಯಾಗಲಿ ಎಂದು ಹೊಸ ಬಟ್ಟೆಯ ತೇಪೆ ಹಾಕಿದರೆ ಅದು ಸುತ್ತಲಿನ ಹಳೆಯದನ್ನು ಎಳೆದು ಇನ್ನಷ್ಟು ಹರಿಯುತ್ತದೆ. ಬಣ್ಣವೂ ಹೊಂದುವುದಿಲ್ಲ. ಬಲ್ಲವರು ಅದೇ ಚಡ್ಡಿಯ ಜೇಬಿನ ಒಳಗಿಂದಲೋ ಮಡಿಕೆಯಿಂದಲೋ ತುಂಡು ಕದಿಯುತ್ತಾರೆ, ಮೂಲೆ ಎದ್ದುಬರದಂತೆ ಗುಂಡಗೆ ಕತ್ತರಿಸುತ್ತಾರೆ, ಆಮೇಲೆ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಮಷೀನು ಹೊಡೆಯುತ್ತಾರೆ. ಎರಡೂ ಕಡೆ ಒಂದೇ ಅಳತೆಯ ಎರಡು ಚಕ್ರ. ಹುಡುಗನಿಗೆ ಅವಮಾನ, ಆದರೆ ಚಡ್ಡಿ ಆ ವರ್ಷದ ಮಟ್ಟಿಗೆ ಪಾಸು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಸೂಜಿಗೆ ಹೆಸರಿನಲ್ಲೇ ಜಾಗ ಸಿಕ್ಕಿತ್ತು. ಮನೆಯ ತೇಪೆಗೆ ಅಂಥ ಯೋಗವಿಲ್ಲ. ರೊಟ್ಟಿ ಬಡಿದು, ಪಾತ್ರೆ ತೊಳೆದು, ಗುಂಡಿ ಹಚ್ಚುತ್ತ ಕೂತ ಅವ್ವನನ್ನು ತೋರಿಸಿ ಅಪ್ಪ ಬಂದವರಿಗೆ ಹೇಳುತ್ತಿದ್ದುದು, "ಸುಮ್ನ ಕುಂತಾಳ, ಚಾ ಮಾಡ್ತಾಳ ತಡೀರಿ."

ತೇಪೆಯೂ ನಿಲ್ಲದಾದಾಗ ಕೌದಿ. ಮೇಲೆ ಕೆಳಗೆ ಹಳೆಯ ಇಳಕಲ್ ಸೀರೆ, ನಡುವೆ ಮನೆಮಂದಿಯ ಚಿಂದಿಯೆಲ್ಲ, ದಬ್ಬಣದಂಥ ಸೂಜಿಯಲ್ಲಿ ಉದ್ದುದ್ದ ಎಳೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿಯ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕೂ ಮೂಲೆಗೆ ಫುಲಾ ಎಂಬ ಬಟ್ಟೆಯ ಹೂವು ಕೂರಬೇಕು, ಅದಿಲ್ಲದೆ ಅವರಿಗೆ ಕೌದಿ ಮುಗಿದಂತಲ್ಲ. ಆ ಕೌದಿಗಳನ್ನು ಈಗ ಕಲೆ ಎಂದು ಗೋಡೆಗೆ ತೂಗುಹಾಕುತ್ತಾರೆ. ಸಂತೋಷವೇ. ಆದರೂ ಕೌದಿಯನ್ನು ನಿಲ್ಲಿಸಿ ನೋಡುವುದು ನನಗೆ ಸರಿಬರುವುದಿಲ್ಲ. ಮಲಗಿ ನೋಡಿದರೇನೇ ಯಾವ ತುಂಡು ಯಾರ ಅಂಗಿಯದೆಂದು ಜಗಳ ಮಾಡಲು ಬರುವುದು.

ಈಗ ಮಕ್ಕಳ ಬಟ್ಟೆ ಹರಿಯುವ ಮೊದಲೇ ಗಿಡ್ಡವಾಗುತ್ತದೆ, ತೇಪೆಗೆ ಕೆಲಸವಿಲ್ಲ. ಹಾಗೆಂದು ಮಷೀನಿಗೆ ನಿವೃತ್ತಿ ಸಿಕ್ಕಿಲ್ಲ. ಅದನ್ನು ಶಾಲೆಗಳ ವೇಷಭೂಷಣ ಸ್ಪರ್ಧೆ ಕಾಪಾಡಿದೆ. ಮೊನ್ನೆ ರಾತ್ರಿ ಊಟವಾದ ಮೇಲೆ ಮೊಮ್ಮಗಳು ಘೋಷಿಸಿದಳು, "ಅಜ್ಜಿ, ನಾಳೆ ನಾನು ಬದನೆಕಾಯಿ." ಸೊಸೆ ನನ್ನ ಮುಖ ನೋಡಿದಳು, ನಾನು ಕಪಾಟು ನೋಡಿದೆ. ನೇರಳೆ ಬಣ್ಣದ ಸೀರೆಯ ಫಾಲು ಬಿಚ್ಚಿದೆವು. ಹೊಟ್ಟೆಗೆ ಹಳೆಯ ದಿಂಬಿನ ಹತ್ತಿ. ತಲೆಗೆ ಹಸಿರು ಬ್ಲೌಸ್ ಪೀಸಿನ ತೊಟ್ಟು, ಒಳಗೆ ಎರಡು ಪದರ ಟವೆಲ್ಲು ಕೊಟ್ಟು ನಿಲ್ಲಿಸಿದ್ದು. ಬಾಬಿನ್ ದಾರ ಮುಗಿದದ್ದು ಸರಿಯಾಗಿ ಹನ್ನೊಂದು ಗಂಟೆಗೆ. ಉಳಿದದ್ದಕ್ಕೆಲ್ಲ ಪಿನ್ನು.

ಮೊದಲ ಬಹುಮಾನ ಬಾಡಿಗೆಯ ಹುಲಿಗೆ ಹೋಯಿತು. ಬದನೆಕಾಯಿಗೆ ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ಲೋಟ. ಹುಲಿಯ ವೇಷ ಸಂಜೆಯೊಳಗೆ ಅಂಗಡಿಗೆ ವಾಪಸ್ಸಾಗಬೇಕಿತ್ತು. ನಮ್ಮ ತೊಟ್ಟನ್ನು ಸೊಸೆ ದೋಸೆ ಹಂಚು ಇಳಿಸಲು ಹಿಡಿಬಟ್ಟೆ ಮಾಡಿಕೊಂಡಿದ್ದಾಳೆ. ಚೆನ್ನಾಗಿ ಹಿಡಿಯುತ್ತದಂತೆ, ಇನ್ನೊಂದು ಹೊಲಿದುಕೊಡಿ ಅತ್ತಿ ಎನ್ನುತ್ತಾಳೆ.