ಏಳ್ನೂರ ಹದಿನಾಲ್ಕಾದ ಮೇಲೆ ಏನು?

ನಮ್ಮ ಕಡೆಯವರಿಗೆ ಅಂಕಿಯ ಒಗಟು ಹಾಕಬಾರದು. ಹಾಕಲೇಬೇಕೆಂದರೆ ಊಟಕ್ಕೆ ಮುಂಚೆಯಂತೂ ಹಾಕಬಾರದು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಈ ನಾಲ್ಕೂ ಒಂದೇ ಹೆದ್ದಾರಿಯ ಮೇಲಿನ ಊರುಗಳು. ಇಲ್ಲಿ ನಾವು ಎಣಿಸುವುದು ತೆಲುಗಿನಲ್ಲಿ, ಜಗಳವಾಡುವುದು ಕನ್ನಡದಲ್ಲಿ, ಬಾಕಿ ಕೇಳಲು ಬಂದವರ ಮುಂದೆ ಎರಡೂ ಬಾರದವರ ಹಾಗೆ ನಿಲ್ಲುವುದು. ಟೊಮೆಟೊ ಬಾಕ್ಸು, ಗೂಡಿನ ರೇಟು, ಹೂವಿನ ಮಾರು ಎಂದು ಬೆಳಗಾದರೆ ಲೆಕ್ಕದಲ್ಲೇ ಏಳುವ ಜನ. ಇಂಥವರ ಮುಂದೆ ಎರಡು ಅಂಕಿ ಬರೆದು ‘ಇದರಲ್ಲೊಂದು ಗುಟ್ಟಿದೆ’ ಎಂದುಬಿಟ್ಟರೆ ಮುಗಿಯಿತು, ಇಲ್ಲದ ಗುಟ್ಟೂ ಹೊರಗೆ ಬರುತ್ತದೆ.

ಹಾಗೆ ಅಂದವನು ನಮ್ಮಕ್ಕನ ಮೊಮ್ಮಗ. ಅಮೆರಿಕದ ಅಟ್ಲಾಂಟಾದಲ್ಲಿ ಹುಟ್ಟಿ ಬೆಳೆದ ಹುಡುಗ, ಟೋಪಿಯ ಮೂತಿಯನ್ನು ಬೆನ್ನಿನ ಕಡೆಗೆ ತಿರುಗಿಸಿಕೊಂಡಿರುವವನು. ಶಿಡ್ಲಘಟ್ಟದ ಛತ್ರವೊಂದರಲ್ಲಿ ನಾಮಕರಣ. ಎಲೆ ಹಾಕುವುದು ಇನ್ನೂ ತಡ ಎಂದು ಗೊತ್ತಾದ ಮೇಲೆ ಅವನು ತಾಂಬೂಲದ ಕವರೊಂದನ್ನು ಎತ್ತಿಕೊಂಡು ಅದರ ಬೆನ್ನಿಗೆ 714, 715 ಎಂದು ಬರೆದು ನಮ್ಮ ಮುಂದೆ ಹಿಡಿದ. ‘ತಾತ, ಇವೆರಡಕ್ಕೂ ಒಂದು ಸೀಕ್ರೆಟ್ ಇದೆ. ಬೇಸ್‌ಬಾಲ್ ಸೀಕ್ರೆಟ್.’

ಮೊದಲು ಬಾಯಿ ಹಾಕಿದವನು ನಮ್ಮ ದೊಡ್ಡಪ್ಪನ ಮಗ. ಅವನು ರೀಲರ್, ರೇಷ್ಮೆ ಗೂಡು ಕೊಂಡು ನೂಲು ತೆಗೆಸುವವನು. ‘ಇದರಲ್ಲಿ ಸೀಕ್ರೆಟ್ಟೇನು ಬಂತು? ಲಾಟಿಗೆ ಒಬ್ಬ 714 ಹಾಕ್ತಾನೆ, ಇನ್ನೊಬ್ಬ ಮೊಬೈಲಲ್ಲಿ 715 ಒತ್ತುತಾನೆ. ಒಂದು ರೂಪಾಯಿ ಜಾಸ್ತಿ ಹಾಕಿದೋನು ಗೂಡು ತಗೊಂಡು ಹೋಗ್ತಾನೆ, ಇವನು ಟೀ ಕುಡಿದು ಮನೆಗೆ ಹೋಗ್ತಾನೆ.’ ಚಿಂತಾಮಣಿಯ ಚಿಕ್ಕಮ್ಮನಿಗೆ ಅವು ಬಸ್ಸಿನ ಹೊತ್ತಿನ ಹಾಗೆ ಕಂಡವು. ಏಳು ಹದಿನಾಲ್ಕಕ್ಕೆ ಸ್ಟ್ಯಾಂಡಿಗೆ ಓಡಿಬಂದರೆ ಏಳು ಹದಿನೈದರ ಬಸ್ಸು ಸಿಗುತ್ತದೆ, ಅದು ಹೊರಡುವುದು ಮಾತ್ರ ಏಳೂವರೆಗೆ. ಯಾರೋ ಕೂಡಿ ಹನ್ನೆರಡು ರಾಶಿ ಎಂದರು, ಇನ್ಯಾರೋ ಪಕ್ಕದ್ದನ್ನು ಕೂಡಿ ಹದಿಮೂರು ಬರುತ್ತೆ, ಬೇಡ ಬಿಡಿ ಎಂದರು.

ನಿಜ ಹೇಳಬೇಕೆಂದರೆ ರೀಲರಣ್ಣನೇ ಗುರಿಯ ಹತ್ತಿರ ಹೋಗಿದ್ದ. ಬೇಸ್‌ಬಾಲಿನಲ್ಲಿ ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಇದ್ದಂತೆ. ಚೆಂಡು ಬೇಲಿ ದಾಟಿ ಆಚೆ ಬಿತ್ತೆಂದರೆ ಹೊಡೆದವನು ನಾಲ್ಕು ಬೇಸನ್ನೂ ಆರಾಮಾಗಿ ಸುತ್ತಿ ಬರಬಹುದು. ಬೇಬ್ ರೂತ್ ಎಂಬ ಧಡೂತಿ ಆಸಾಮಿ 1935ರಲ್ಲಿ ಬ್ಯಾಟು ಕೆಳಗಿಡುವ ಹೊತ್ತಿಗೆ ಅಂಥ 714 ಹೊಡೆದಿದ್ದ. ಆ ದಾಖಲೆ 39 ವರ್ಷ ಹಾಗೇ ಕೂತಿತ್ತು. 1974ರ ಏಪ್ರಿಲ್ 8ರ ರಾತ್ರಿ, ಈ ಹುಡುಗನ ಊರು ಅಟ್ಲಾಂಟಾದಲ್ಲೇ, ಹ್ಯಾಂಕ್ ಆರನ್ 715ನೆಯದನ್ನು ಬೇಲಿಯಾಚೆಗೆ ಕಳಿಸಿದ. ಕರಿಯನೊಬ್ಬ ಬಿಳಿಯನ ದಾಖಲೆ ಮುರಿಯುವುದೇ ಎಂದು ಅವನಿಗೆ ಬಂದ ಬೆದರಿಕೆ ಪತ್ರಗಳಿಗೆ ಲೆಕ್ಕವಿಲ್ಲ. ಒಂದೇ ಒಂದು ಹೆಚ್ಚು ಹಾಕಿದವನು ಲಾಟು ಹೊತ್ತುಕೊಂಡು ಹೋದ.

ಅಷ್ಟರಲ್ಲಿ ನಮ್ಮ ಭಾವ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಗೌರಿಬಿದನೂರಿನವರು, ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ನಿವೃತ್ತಿಯಾಗಿದ್ದು ಸಂಬಳಕ್ಕೆ ಮಾತ್ರ. ಹುಡುಗ ಒಂದೊಂದೇ ವಿವರ ಹೇಳುತ್ತ ಹೋದಂತೆ ಅವರು ಬೆರಳು ಮಡಿಸತೊಡಗಿದರು. ಆರನ್ 714ಕ್ಕೆ ಸರಿಗಟ್ಟಿದ್ದು ಏಪ್ರಿಲ್ 4ಕ್ಕೆ. ನಾಲ್ಕನೇ ತಿಂಗಳು, ನಾಲ್ಕನೇ ತಾರೀಕು. ಅವನ ಅಂಗಿಯ ನಂಬರು 44. 715ರ ರಾತ್ರಿ ಎದುರಿಗೆ ಚೆಂಡೆಸೆದ ಆಲ್ ಡೌನಿಂಗ್‌ನ ಅಂಗಿಯ ನಂಬರೂ 44. ಹೊಡೆದದ್ದು ನಾಲ್ಕನೇ ಇನಿಂಗ್ಸಿನಲ್ಲಿ. ‘ಸಿಕ್ತಲ್ಲಪ್ಪಾ!’ ಎಂದು ಭಾವ ತೊಡೆ ತಟ್ಟಿದರು. ‘ಎಲ್ಲಾ ನಾಲ್ಕು! ನಾಲ್ಕರದೇ ಕಾರುಬಾರು!’

‘ಅದಲ್ಲ ತಾತ. ಸೀಕ್ರೆಟ್ ಇರೋದು ನಂಬರ್ ಒಳಗೆ’ ಎಂದ ಹುಡುಗ.

ಒಳಗೆ ಎಂದ ಕೂಡಲೇ ಮೇಷ್ಟ್ರು ಎಚ್ಚೆತ್ತರು. ಕವರನ್ನು ಕಿತ್ತುಕೊಂಡರು, ಜೇಬಿನಿಂದ ಪೆನ್ನು ತೆಗೆದರು. 714 ಸಮಸಂಖ್ಯೆ, ಅರ್ಧ ಮಾಡಿದರೆ 357. ಅದರ ಅಂಕಿಗಳನ್ನು ಕೂಡಿದರೆ 15, ಅಂದರೆ ಮೂರರಿಂದ ಹೋಗುತ್ತದೆ. ಹೋದರೆ ಉಳಿಯುವುದು 119. ಇಲ್ಲಿ ಪೆನ್ನು ನಿಂತಿತು. ಪರೀಕ್ಷೆಯಲ್ಲಿ ಮಕ್ಕಳ ಕತ್ತು ಕುಯ್ಯುವ ಸಂಖ್ಯೆ ಇದು. ಯಾವುದರಿಂದಲೂ ಭಾಗವಾಗದ ಅವಿಭಾಜ್ಯದ ಹಾಗೆ ಮುಖ ಮಾಡಿಕೊಂಡು ಕೂತಿರುತ್ತದೆ, ಒಳಗೆ ನೋಡಿದರೆ ಏಳು ಹದಿನೇಳಲಿ. ಭಾವ ಮೀಸೆಯಲ್ಲೇ ನಕ್ಕು 7, 17 ಎಂದು ಬರೆದರು. ಪಕ್ಕದ 715ಕ್ಕೆ ಕೊನೆಯಲ್ಲಿ ಐದಿದೆ, ಐದರಿಂದ ಹೋಗಿ 143 ಆಯಿತು. ಅದೂ ಅದೇ ಜಾತಿಯದು, ಹನ್ನೊಂದು ಹದಿಮೂರಲಿ. ಈಗ ಕವರಿನ ಮೇಲೆ ಎರಡು ಸಾಲು:

2, 3, 7, 17
5, 11, 13

‘ಕೂಡು ತಾತ.’

ಮೇಲಿನದು 29. ಕೆಳಗಿನದೂ 29.

ಛತ್ರದಲ್ಲಿ ಒಂದು ಗಳಿಗೆ ಮಾತಿಲ್ಲ. ‘ಇನ್ನೂ ಇದೆ’ ಎಂದ ಹುಡುಗ. ಎರಡು ಸಾಲನ್ನೂ ಸೇರಿಸಿ ನೋಡಿ: 2, 3, 5, 7, 11, 13, 17. ಮೊದಲ ಏಳು ಅವಿಭಾಜ್ಯಗಳು ಒಂದೂ ಬಿಡದಂತೆ, ಒಂದೂ ಎರಡು ಸಲ ಬರದಂತೆ ಹಂಚಿಕೊಂಡಿವೆ. ಅಣ್ಣತಮ್ಮಂದಿರ ಪಾಲುಪಾರೀಕತ್ತು ಇಷ್ಟು ಸಲೀಸಾಗಿ ಆದದ್ದನ್ನು ನಮ್ಮ ತಾಲ್ಲೂಕಿನಲ್ಲಿ ನಾನಂತೂ ಕಂಡಿಲ್ಲ. ಎರಡನ್ನೂ ಗುಣಿಸಿದರೆ 510510. 

ಇದನ್ನು ಕಂಡವರು ಅಟ್ಲಾಂಟಾ ಇರುವ ಅದೇ ಜಾರ್ಜಿಯಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಕಾರ್ಲ್ ಪಾಮರೆನ್ಸ್ ಮತ್ತು ಅವರ ಸಂಗಡಿಗರು. ಆಟ ನೋಡಿದರು, ಅಂಕಿ ನೋಡಿದರು, ಅದೇ ವರ್ಷ ಒಂದು ಲೇಖನ ಬರೆದು ಇಂಥ ಜೋಡಿಗಳಿಗೆ ರೂತ್-ಆರನ್ ಜೋಡಿ ಎಂದೇ ಹೆಸರಿಟ್ಟರು. ಒಂದೇ ಅವಿಭಾಜ್ಯ ಎಷ್ಟು ಸಲ ಬಂದರೂ ಅಷ್ಟು ಸಲ ಕೂಡಿಕೊಂಡರೆ ಚಿಕ್ಕಪುಟ್ಟ ಜೋಡಿಗಳು ಬೇರೆಯೂ ಇವೆ: 5 ಮತ್ತು 6, 8 ಮತ್ತು 9, 15 ಮತ್ತು 16, 77 ಮತ್ತು 78. ಮುಂದೆ ಮುಂದೆ ಹೋದಂತೆ ಇವು ತೀರಾ ವಿರಳವಾಗುತ್ತವೆ ಎಂದು ಪಾಮರೆನ್ಸ್ ಊಹಿಸಿದರು, ಸಾಧಿಸಲು ಆಗಿರಲಿಲ್ಲ. ಲೇಖನ ಓದಿದ ಪಾಲ್ ಎರ್ಡಿಶ್ ಎಂಬ ಹಂಗೇರಿಯ ಮಹಾ ಗಣಿತಜ್ಞ ಹೀಗೆ ಸಾಧಿಸಬಹುದು ನೋಡಿ ಎಂದು ತಿಳಿಸಿದರು. ಮನೆಯಿಲ್ಲ, ಮಠವಿಲ್ಲ, ಒಂದು ಸೂಟ್‌ಕೇಸ್ ಹಿಡಿದು ಗಣಿತಜ್ಞರ ಮನೆಯಿಂದ ಮನೆಗೆ ಹೋಗುತ್ತಿದ್ದ ಮನುಷ್ಯ. ಅಲ್ಲಿಂದಾಚೆಗೆ ಪಾಮರೆನ್ಸ್ ಅವರ ಜೊತೆ ಸೇರಿ ಎಷ್ಟೋ ಲೇಖನ ಬರೆದರು. 1995ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯ ಎರ್ಡಿಶ್‌ಗೂ ಆರನ್‌ಗೂ ಒಟ್ಟಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇಬ್ಬರ ಕೈಯಲ್ಲೂ ಒಂದೇ ಬೇಸ್‌ಬಾಲ್ ಮೇಲೆ ಸಹಿ ಹಾಕಿಸಿದರು. ಎರ್ಡಿಶ್ ಜೊತೆ ಲೇಖನ ಬರೆದವರಿಗೆ ‘ಎರ್ಡಿಶ್ ಸಂಖ್ಯೆ 1’ ಎಂಬ ಬಿರುದಿದೆ. ಚೆಂಡಿನ ಮೇಲೆ ಜೊತೆಗೆ ಬರೆದದ್ದರಿಂದ ಆರನ್‌ಗೂ ಅದು ಸಲ್ಲಬೇಕು ಎಂದು ಗಣಿತದವರ ತಮಾಷೆ.

ಭಾವನಿಗೆ ಉರಿ ಹತ್ತಿತು. ಅಟ್ಲಾಂಟಾದವರಿಗೆ ಇಷ್ಟಿದ್ದರೆ ನಮಗಿಲ್ಲವೇ? ‘ನಂದಿಬೆಟ್ಟದ ಕಡೆ ಕೈ ತೋರಿಸಿ ಹೇಳ್ತೀನಿ ಕೇಳು ಮಗು. ಅಂಕಿಯೊಳಗೆ ಗುಟ್ಟಿಡೋದನ್ನ ನಮ್ಮವರು ಎಂದೋ ಮಾಡಿ ಮುಗಿಸಿದಾರೆ.’ ಅವರು ಹೇಳಿದ್ದು ಸಿರಿಭೂವಲಯದ ವಿಷಯ. ಪೂರ್ತಿ ಅಂಕಿಗಳಲ್ಲೇ ಬರೆದ ಕಾವ್ಯ. ಅದರ ಕರ್ತೃ ಕುಮುದೇಂದು ಮುನಿ ನಂದಿಬೆಟ್ಟದ ಹತ್ತಿರದ ಯಲವಳ್ಳಿಯವನು ಎಂದು ಅದನ್ನು ಬೆಳಕಿಗೆ ತಂದವರ ಮಾತು. ಯಲ್ಲಪ್ಪ ಶಾಸ್ತ್ರಿಗಳೂ ಕರ್ಲಮಂಗಲಂ ಶ್ರೀಕಂಠಯ್ಯನವರೂ ಹೆಣಗಾಡಿ ಅದನ್ನು ಓದಿದರು, 1953ರಲ್ಲಿ ಅಚ್ಚಾಯಿತು. ಕಾಲ ಯಾವುದು ಎಂಬ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. 27 ಮನೆ ಅಡ್ಡ, 27 ಮನೆ ಉದ್ದದ ಚಕ್ರ, ಮನೆಗೊಂದು ಅಂಕಿ. ಅಂಕಿಗಳು 1ರಿಂದ 64ರವರೆಗೆ, ಒಂದೊಂದಕ್ಕೂ ಒಂದೊಂದು ಅಕ್ಷರ. ನೇರ ಓದಿದರೆ ಏನೂ ಸಿಗದು. ಬಂಧ ಎಂಬ ದಾರಿ ಹಿಡಿದು ಮನೆಯಿಂದ ಮನೆಗೆ ಹಾರಿದರೆ ಕನ್ನಡದ ಸಾಂಗತ್ಯ ಎದ್ದು ಬರುತ್ತದೆ. 718 ಭಾಷೆಗಳು ಅದರಲ್ಲಡಗಿವೆ ಎಂಬ ಹೇಳಿಕೆಯೂ ಇದೆ, ಅಷ್ಟನ್ನೂ ಓದಿ ತೋರಿಸಿದವರಿಲ್ಲ.

‘ನೋಡು, 714, 715, ಇಲ್ಲಿ 718!’ ಎಂದರು ಭಾವ. ಯಾರೂ ಮೆಚ್ಚಲಿಲ್ಲ. ಆಗ ಬ್ರಹ್ಮಾಸ್ತ್ರ ತೆಗೆದರು. ‘ಬೇಸ್‌ಬಾಲಿಗೆ ಎಷ್ಟು ಜನ? ಒಂಬತ್ತು. ಎಷ್ಟು ಇನಿಂಗ್ಸು? ಒಂಬತ್ತು. ಮೂರು ಸ್ಟ್ರೈಕಿಗೆ ಒಂದು ಔಟು, ಮೂರು ಔಟಿಗೆ ಪಾಳಿ ಬದಲು. ಗುಣಿಸು.’ ಒಂಬತ್ತೊಂಬತ್ತಲಿ ಎಂಬತ್ತೊಂದು, ಮೂರರಿಂದ ಒಮ್ಮೆ, ಮೂರರಿಂದ ಇನ್ನೊಮ್ಮೆ, 729. ‘ಸಿರಿಭೂವಲಯದ ಚಕ್ರಕ್ಕೆ ಎಷ್ಟು ಮನೆ? ಇಪ್ಪತ್ತೇಳು ಇಪ್ಪತ್ತೇಳಲಿ 729! ಕುಮುದೇಂದು ಮುನಿಗೆ ಬೇಸ್‌ಬಾಲ್ ಗೊತ್ತಿತ್ತು ಕಣೋ!’

ಹುಡುಗ ಟೋಪಿ ತೆಗೆದು ತಲೆ ಕೆರೆದುಕೊಂಡ. ‘ತಾತ, ಜನಾನ ಸ್ಟ್ರೈಕ್ ಜೊತೆ ಯಾಕೆ ಗುಣಿಸಬೇಕು?’

‘ಗುಣಿಸದಿದ್ರೆ 729 ಬರಲ್ವಲ್ಲ!’

ಈ ‘ಯಾಕೆ’ ಭಾವನ ತಾಲ್ಲೂಕಿನದೇ ಸೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಹೋದವರು. ಜೀವಮಾನವಿಡೀ ಕೇಳಿದ್ದು ಇದೊಂದನ್ನೇ: ಯಾಕೆ, ಹೇಗೆ, ತೋರಿಸಿ. 1976ರಲ್ಲಿ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ಮಾಡಿ ದೇವಮಾನವರ ನಿದ್ದೆ ಕೆಡಿಸಿದರು. ಭಾವನಿಗೆ ಅವರೆಂದರೆ ದೇವರು. ಹೀಗೆಂದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು, ಆ ಮಾತು ಬೇರೆ. ನಾನು ಮೆಲ್ಲಗೆ, ‘ಭಾವಾ, ಎಚ್ಚೆನ್ ಇದ್ದಿದ್ರೆ ಇದಕ್ಕೆ ಏನನ್ನೋರು? ಅವರು ಅಮೆರಿಕದಲ್ಲೇ ಫಿಸಿಕ್ಸಿನಲ್ಲಿ ಡಾಕ್ಟರೇಟ್ ಮಾಡಿದೋರಲ್ವಾ, ಓಹಾಯೊದಲ್ಲಿ’ ಎಂದೆ.

ನೆನಪಿಸಬಾರದಿತ್ತು. ಭಾವ ಹುಡುಗನ ಕಡೆ ತಿರುಗಿ, ‘ಆ ಆರನ್ 714 ಸರಿಗಟ್ಟಿದ್ದು ಯಾವೂರಲ್ಲಿ?’ ಎಂದು ಕೇಳಿದರು.

‘ಸಿನ್ಸಿನಾಟಿ.’

‘ಅದು ಯಾವ ರಾಜ್ಯ?’

‘ಓಹಾಯೊ.’

ಭಾವ ಛತ್ರದ ಈ ಮೂಲೆಯಿಂದ ಆ ಮೂಲೆಯವರೆಗೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು.

ನನಗೆ ಅನಿಸಿದ್ದು ಇಷ್ಟೇ. ಸಿರಿಭೂವಲಯದ ಮನೆಗಳಲ್ಲಿರುವ ಗುಟ್ಟನ್ನು ಒಬ್ಬ ಮನುಷ್ಯ ಕೂತು, ಬೆವರಿಳಿಸಿ, ಬೇಕೆಂದೇ ಇಟ್ಟದ್ದು. ದಾರಿ ತಿಳಿದವರಿಗೆ ಅದು ಮತ್ತೆ ಮತ್ತೆ ಸಿಗುತ್ತದೆ. 714ರ ಒಳಗಿನ 29 ಯಾರೂ ಇಟ್ಟದ್ದಲ್ಲ. ರೂತನ ತೋಳಿಗೆ ಅವಿಭಾಜ್ಯ ಗೊತ್ತಿರಲಿಲ್ಲ. ಆದರೂ ಅದು ಇದೆ, ಯಾರು ಭಾಗಿಸಿದರೂ ಬರುತ್ತದೆ. ಭಾವನ 729 ಮಾತ್ರ ಭಾವ ಗುಣಿಸಿದರಷ್ಟೇ ಬರುತ್ತದೆ. ಪಾಮರೆನ್ಸ್ ಆಟವನ್ನು ಬಿಟ್ಟು ಅಂಕಿಯ ಬೆನ್ನು ಹತ್ತಿದರು, ನಮ್ಮವರು ಅಂಕಿಯನ್ನು ಬಿಟ್ಟು ಆಟದ ಬೆನ್ನು ಹತ್ತಿದರು. ಎಲೆ ಹಾಕಿದ್ದಾರೆ ಎಂಬ ಕೂಗು ಬಂದದ್ದರಿಂದ ಇದನ್ನು ಬಾಯಿಬಿಟ್ಟು ಹೇಳುವ ಪ್ರಸಂಗ ತಪ್ಪಿತು. ಊಟದ ಸಾಲಿನಲ್ಲಿ ಹುಡುಗ ಇನ್ನೊಂದು ಬಾಂಬು ಹಾಕಿದ: ಈ ಜೋಡಿಗಳು ಎಲ್ಲೋ ಒಂದು ಕಡೆ ಮುಗಿದುಹೋಗುತ್ತವೋ, ಮುಗಿಯದೆ ಸಿಗುತ್ತಲೇ ಇರುತ್ತವೋ ಎಂಬುದನ್ನು ಇವತ್ತಿನವರೆಗೆ ಯಾರೂ ಸಾಧಿಸಿಲ್ಲವಂತೆ. ಭಾವನ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನಲ್ಲೇ ನಿಂತಿತು.

ಮಾರನೆಯ ಬೆಳಿಗ್ಗೆ ಇನ್ನೂ ಹಾಲು ಬಂದಿರಲಿಲ್ಲ, ಗೌರಿಬಿದನೂರಿನಿಂದ ಫೋನು. ‘ರಾತ್ರಿಯೆಲ್ಲಾ ಕೂತು ತೆಗೆದೆ ನೋಡಪ್ಪಾ. 948, 949 ಸಿಕ್ತು, ಎರಡಕ್ಕೂ 86. ಆಮೇಲೆ 1330, 1331. ಅದಕ್ಕೆ 2, 5, 7, 19. ಇದಕ್ಕೆ ಬರೀ 11, ಮೂರು ಸಲ. ಎರಡಕ್ಕೂ 33. ಯಾರು ಬೇಕಾದರೂ ಭಾಗಿಸಿ ನೋಡಲಿ.’

‘ಭೇಷ್ ಭಾವಾ!’ ಎಂದೆ, ಮನಸ್ಸಿನಿಂದಲೇ.

‘ಅದಿರಲಿ, ಆ 1331 ಹೊಡೆದೋನು ಯಾರು ಅಂತ ಕೇಳಿದ್ರೆ ಈ ಹುಡುಗ ಹೇಳ್ತಾನೇ ಇಲ್ಲ. ನೀನಾದ್ರೂ ಒಂದ್ಸಲ ಕೇಳಿ ನೋಡು.’