ಮೀಟರಿನ ಕೆಂಪು ಮಿಣುಕು

ಬಿಲ್ಲು ಬಂತಾ ಅಕ್ಕಾ? ಇಲ್ಲಿ ಕೊಡಿ, ಕಾಂಪೌಂಡ್ ಮೇಲಿಂದಲೇ ಚಾಚಿ. 71 ಯೂನಿಟ್ಟು. ನಿಮಗೆ ಪುಕ್ಕಟೆ ಬಿಟ್ಟಿರೋದು 66. ಸರ್ಕಾರದ ಗೃಹಜ್ಯೋತಿ ಅಂದ್ರೆ 200 ಯೂನಿಟ್ಟಿನ ತನಕ ಎಲ್ಲರಿಗೂ ಪುಕ್ಕಟೆ ಅಂತ ನಮ್ಮ ಬೀದೀಲಿ ಬಹಳ ಜನ ತಿಳ್ಕೊಂಡಿದಾರೆ. ಹಾಗಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ 60 ಉರಿಸಿದ್ರಿ, ಅದಕ್ಕೆ ನೂರಕ್ಕೆ ಹತ್ತು ಸೇರಿಸಿ 66 ಮಾಡಿದಾರೆ. ಅದನ್ನ ದಾಟಿದಷ್ಟಕ್ಕೆ ನೀವು ಕೊಡಬೇಕು. 200 ದಾಟಿದ್ರಂತೂ ಪೂರ್ತಿ ಬಿಲ್ಲು.

ಹೆಚ್ಚಿಗೆ ಏನೂ ಉರಿಸಿಲ್ಲ ಅಂತೀರಿ, ಸರಿ. ಆ ವರ್ಷ ನಿಮ್ಮನೇಲಿ ವೈಫೈ ಪೆಟ್ಟಿಗೆ ಇತ್ತಾ? ಮಗನ ರೂಮಿನ ಎರಡನೇ ಟೀವಿ, ಅದರ ಸೆಟ್‌ಟಾಪ್ ಬಾಕ್ಸು ಇತ್ತಾ? ಇರಲಿಲ್ಲ. ಆ ಬಾಕ್ಸನ್ನ ರಿಮೋಟಿನಲ್ಲಿ ಆರಿಸಿ, ರಾತ್ರಿ ಹೋಗಿ ಮುಟ್ಟಿ ನೋಡಿ, ಬೆಚ್ಚಗೇ ಇರುತ್ತೆ. ಒಳಗೆ ಅದು ನಿದ್ದೆ ಮಾಡೋದೇ ಇಲ್ಲ. ಹತ್ತು ವ್ಯಾಟ್ ಎಳೆಯೋದು ಒಂದಿದ್ರೆ ದಿನಕ್ಕೆ ಹತ್ತಿರ ಹತ್ತಿರ ಕಾಲು ಯೂನಿಟ್ಟು, ತಿಂಗಳಿಗೆ ಏಳು. ಸರ್ಕಾರ ನಿಮಗೆ ಸೇರಿಸಿ ಕೊಟ್ಟಿರೋದೇ ಆರು!

ಮೊಬೈಲ್ ಚಾರ್ಜರ್ ಬಿಟ್ಟು ಹೋದರು ಅಂತ ಮಕ್ಕಳನ್ನ ಬೈಯೋದು ಬಿಡಿ. ಈಗಿನ ಖಾಲಿ ಚಾರ್ಜರು ಅರ್ಧ ವ್ಯಾಟೂ ಎಳೆಯಲ್ಲ. ಹೊಸ ಟೀವಿಗಳೂ ಅಷ್ಟೆ. ಆರಿಸಿಟ್ಟ ಸಾಮಾನು ಒಂದು ವ್ಯಾಟಿಗಿಂತ ಹೆಚ್ಚು ತಿನ್ನಬಾರದು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಹೇಳಿತ್ತು, ಆಮೇಲೆ ಟೀವಿ ಮಾಡೋರು ಬಹಳ ಸುಧಾರಿಸಿದರು. ಬಿಲ್ಲು ಏರಿಸೋದು ಸೆಟ್‌ಟಾಪ್ ಬಾಕ್ಸು, ವೈಫೈ, ಮೂಲೇಲಿ ಗುಂಯ್ ಅನ್ನೋ ಹಳೇ ಇನ್ವರ್ಟರು. ಬೈದಾಟ ಬೇಡ, ಬಾಕ್ಸಿಗೂ ಟೀವಿಗೂ ಸೇರಿ ಸ್ವಿಚ್ ಇರೋ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಮಲಗೋ ಮುಂಚೆ ಒಂದೇ ಸಲ ಆರಿಸಿ.

ನಾನು ಹೇಳಿದ್ದನ್ನ ನಂಬಲೂ ಬೇಡಿ, ಮೀಟರನ್ನೇ ಕೇಳಿ. ಅದರಲ್ಲೊಂದು ಕೆಂಪು ದೀಪ ಮಿಣುಕುತ್ತಲ್ಲ, ಪಕ್ಕದಲ್ಲಿ 3200 ಅಂತ ಬರೆದಿದ್ರೆ ಅಷ್ಟು ಮಿಣುಕಿಗೆ ಒಂದು ಯೂನಿಟ್ಟು. ಕೆಲವು ಮೀಟರಲ್ಲಿ 1600 ಇರುತ್ತೆ, ಓದಿಕೊಳ್ಳಿ. ಫ್ರಿಜ್ಜನ್ನೂ ಸೇರಿಸಿ ಎಲ್ಲಾ ಸ್ವಿಚ್ ಆರಿಸಿ, ಗಡಿಯಾರ ಹಿಡಿದು ನಿಲ್ಲಿ. 3200ರ ಮೀಟರಲ್ಲಿ 45 ಸೆಕೆಂಡಿಗೊಂದು ಸಲ ಮಿಣುಕಿದರೆ 25 ವ್ಯಾಟ್ ಎಲ್ಲೋ ಹೋಗ್ತಿದೆ ಅಂತ ಲೆಕ್ಕ. ತಿಂಗಳಿಗೆ 18 ಯೂನಿಟ್ಟು! ಆಗ ಎಂಸಿಬಿಗಳನ್ನ ಒಂದೊಂದಾಗಿ ಇಳಿಸ್ತಾ ಬನ್ನಿ. ಯಾವುದು ಇಳಿಸಿದಾಗ ಮಿಣುಕು ನಿಲ್ಲುತ್ತೋ ಆ ಲೈನಿನಲ್ಲೇ ಏನೋ ಕೂತಿದೆ, ಮರೆತ ಇನ್ವರ್ಟರೋ, ವೈರಿನ ಲೀಕೋ. ಮೇನ್ ಇಳಿಸಿದ ಮೇಲೂ ಮಿಣುಕಿದರೆ ಅದು ನಾವು ಕೈ ಹಾಕೋ ಜಾಗ ಅಲ್ಲ, 1912ಕ್ಕೆ ಫೋನ್ ಮಾಡಿ.

ಮಳೆ ಬಂದಾಗೆಲ್ಲ, ನೆಲಕ್ಕೆ ಸೋರೋ ಕರೆಂಟ್ ಕಡಿಯೋ ಆರ್‌ಸಿಸಿಬಿ ಬೀಳುತ್ತೆ ಅಂದಿರಲ್ಲ, ಅದರ ಕಾರಣ ಹುಡುಕೋ ದಾರೀನೂ ಹೀಗೇ. ಒಂದು ಮಾತ್ರ ಬೇರೆ. ಸ್ವಿಚ್ ಆರಿಸಿದರೆ ಸಾಲದು, ಪಿನ್ನೇ ಕೀಳಬೇಕು. ಸ್ವಿಚ್ಚು ಕಡಿಯೋದು ಫೇಸ್ ವೈರ್ ಒಂದನ್ನೇ. ನ್ಯೂಟ್ರಲ್ಲು ಎಲ್ಲೋ ಅರ್ತಿಗೆ ತಾಗಿದ್ರೂ ಆರ್‌ಸಿಸಿಬಿ ಬೀಳುತ್ತೆ. ಎಲ್ಲಾ ಕಿತ್ತು, ಅದನ್ನ ಮೇಲೆತ್ತಿ, ಒಂದೊಂದೇ ಚುಚ್ಚಿ ನೋಡಿ. ನನ್ನನ್ನ ಕೇಳಿದ್ರೆ ಮಳೆಗಾಲದಲ್ಲಿ ಮೊದಲ ಅನುಮಾನ ಸಂಪಿನ ಮೋಟಾರು, ಆಮೇಲೆ ಗೇಟಿನ ದೀಪ, ಆಮೇಲೆ ಗೀಸರಿನ ಕಾಯಿಲ್ಲು. ಪದೇ ಪದೇ ಬೀಳುತ್ತೆ ಅಂತ ಬೈಪಾಸ್ ಮಾಡಿಸಿಕೊಳ್ತಾರೆ ಜನ. ದಯವಿಟ್ಟು ಬೇಡ ಅಕ್ಕಾ. ಎಂಸಿಬಿ ಕಾಯೋದು ವೈರನ್ನ, ಜೀವ ಕಾಯೋದು ಇದು. 30 ಮಿಲಿ ಆಂಪಿಯರ್ ನೆಲಕ್ಕೆ ಸೋರೋದರೊಳಗೆ ಕಡಿದು ಹಾಕುತ್ತೆ. ಅದು ಬೀಳ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ.

ಇನ್ನೊಂದು. ಯಾವತ್ತಾದ್ರೂ ದೀಪ ಇದ್ದಕ್ಕಿದ್ದಂತೆ ಝಗ್ಗನೆ ಉರಿದು, ಫ್ಯಾನು ಹುಚ್ಚಾಪಟ್ಟೆ ತಿರುಗಿದರೆ ಯೋಚನೆ ಮಾಡ್ತಾ ನಿಲ್ಲಬೇಡಿ, ಮೇನ್ ಇಳಿಸಿ. ಕಂಬದಲ್ಲಿ ನ್ಯೂಟ್ರಲ್ ಕಳಚಿದರೆ 230 ಇರಬೇಕಾದ ವೋಲ್ಟೇಜು 400ರ ತನಕ ಏರಬಹುದು, ಮನೇಲಿರೋ ಟೀವಿ ಫ್ರಿಜ್ಜು ಒಂದೇ ಹೊಡೆತಕ್ಕೆ ಹೋಗುತ್ತೆ. ಟೆಸ್ಟರ್ ಹಿಡಿದಾಗ ಪ್ಲಗ್ಗಿನ ಎರಡೂ ತೂತಲ್ಲಿ ಉರಿದರೂ ನ್ಯೂಟ್ರಲ್ಲೇ ತುಂಡಾಗಿರೋ ಸಾಧ್ಯತೆ ಹೆಚ್ಚು. ಕರೆಂಟ್ ಎರಡು ಕಡೆ ಬಂದಿದೆ ಅಂತ ಗಾಬರಿಯಾಗಿ ಬಿಚ್ಚಲಿಕ್ಕೆ ಹೋಗಬೇಡಿ.

ಬಚ್ಚಲ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತಾ? ಈಗ ಹೇಳ್ತೀರಲ್ಲ! ಇಷ್ಟೊತ್ತು ಯೂನಿಟ್ಟಿನ ಲೆಕ್ಕ ಹೇಳ್ತಾ ಕೂತೆ. ಅದು ಬಹುಶಃ ಗೀಸರಿಂದ ಕರೆಂಟ್ ಸೋರ್ತಿದೆ, ಅರ್ತ್ ಸರಿಯಿಲ್ಲ, ಎರಡೂ. ಇವತ್ತಿಂದ ಗೀಸರ್ ಬಂದ್. ಅಂಗಳದ ಅರ್ತ್ ಗುಂಡಿ ಒಣಗಿರಬಹುದು, ಅದಕ್ಕೆ ನೀರು ಹಾಕಿ, ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನಿಂದ ಅಳೆಸಿ. ಈಗಲೇ ಒಳಗೆ ಹೋಗಿ ಆರ್‌ಸಿಸಿಬಿ ಮೇಲಿರೋ ಟೆಸ್ಟ್ ಬಟನ್ ಒತ್ತಿ. ಬಿದ್ರೆ ಆ ಯಂತ್ರ ಸರಿಯಾಗಿದೆ ಅಂತ. ಬೀಳದಿದ್ರೆ ನಾಳೆಗೆ ಇಡಬೇಡಿ, ಇವತ್ತೇ ಬದಲಾಯಿಸಿ.