ಅಂಪೈರಾಸನ ಮೀಮಾಂಸೆ

ಕೋರ್ಟಿನ ನ್ಯಾಯಾಧೀಶರು ಕುರ್ಚಿಯಲ್ಲಿ ಕೂತು ತೀರ್ಪು ಕೊಟ್ಟರೆ, ಬೇಸ್‌ಬಾಲಿನ ಪ್ಲೇಟ್ ಅಂಪೈರ್ ಪಂದ್ಯವೊಂದರಲ್ಲಿ ನೂರಾರು ಸಲ ಬಗ್ಗಿ, ಎದ್ದು, ನಡುನಡುವೆ ಬೈಸಿಕೊಂಡು ಕೊಡುತ್ತಾನೆ. ಹೀಗಿದ್ದೂ ಪಂಡಿತರು ಅವನ ಕಣ್ಣನ್ನಷ್ಟೇ ಶಂಕಿಸಿ ಮಂಡಿಯನ್ನು ಕಡೆಗಣಿಸಿರುವುದು ಶೋಚನೀಯ. ಚೆಂಡು ಅರ್ಧ ಸೆಕೆಂಡಿನೊಳಗೆ 17 ಅಂಗುಲ ಅಗಲದ ಪ್ಲೇಟಿಗೆ ಬಂದುಬಿಡುತ್ತದೆ. ನೋಡುವ ಕಣ್ಣು ಎಸೆತಕ್ಕೊಂದು ಎತ್ತರದಲ್ಲಿದ್ದರೆ ಎಸೆತ ಸರಿಯೆನಿಸಿಕೊಳ್ಳುವ ವಲಯವಾದ ಸ್ಟ್ರೈಕ್ ಜೋನೂ ಎಸೆತಕ್ಕೊಂದಾಗುತ್ತದೆ. ಕಣ್ಣನ್ನು ಹೊತ್ತಿರುವುದು ಕಾಲು. ಆದ್ದರಿಂದ ನ್ಯಾಯದ ಮೂಲ ಮಂಡಿಚಿಪ್ಪು ಎಂಬುದೇ ಸಿದ್ಧಾಂತ. ಇದಕ್ಕೆ ಇತಿಹಾಸದ ಪ್ರಮಾಣವೂ ಉಂಟು. ಅಮೆರಿಕನ್ ಲೀಗಿನ ಅಂಪೈರುಗಳು ಬಹುಕಾಲ ಉಬ್ಬಿದ ದೊಡ್ಡ ಎದೆಗವಚವನ್ನು ಕೈಯಲ್ಲಿ ಹಿಡಿದು ಕ್ಯಾಚರನ ತಲೆಯ ಮೇಲಿಂದ ಇಣುಕುತ್ತಿದ್ದರು. ನ್ಯಾಷನಲ್ ಲೀಗಿನವರು ತಮ್ಮ ಅಂಪೈರ್ ಬಿಲ್ ಕ್ಲೆಮ್ ಹಾಕಿಕೊಟ್ಟ ದಾರಿ ಹಿಡಿದು, ಕವಚವನ್ನು ಕೋಟಿನೊಳಗೆ ತೊಟ್ಟು, ಕ್ಯಾಚರ್ ಮತ್ತು ಬ್ಯಾಟರ್ ನಡುವಿನ ಸಂದಿಯಲ್ಲಿ ತಗ್ಗುತ್ತಿದ್ದರು. ಅಲ್ಲಿ ಎತ್ತರದ ಚೆಂಡು ಸ್ಟ್ರೈಕ್, ಇಲ್ಲಿ ತಗ್ಗಿನದು ಸ್ಟ್ರೈಕ್ ಎಂದು ಆಟಗಾರರು ಗೊಣಗಿದ್ದೇ ಗೊಣಗಿದ್ದು. ನಿಯಮ ಒಂದೇ, ಸೊಂಟ ಬಗ್ಗಿದ ಕೋನ ಬೇರೆ! 1977ರಲ್ಲಿ ಅಮೆರಿಕನ್ ಲೀಗಿನ ಹೊಸ ಅಂಪೈರುಗಳಿಗೂ ಒಳಗವಚ ಕಡ್ಡಾಯವಾಯಿತು.

ಇನ್ನು ಪೂರ್ವಪಕ್ಷ. ಒಂದು ಮಂಡಿ ಊರಿದರೆ ಸುಖವಲ್ಲವೇ ಎನ್ನುವವರುಂಟು. ಸುಖವೇನೋ ಹೌದು, ಆದರೆ ಮೇಲೆ ಹಾರಿದ ಫೌಲ್ ಚೆಂಡಿಗಾಗಿ ಕ್ಯಾಚರ್ ಗಿರಕ್ಕನೆ ತಿರುಗಿ ನುಗ್ಗಿದಾಗ ಸುಖಾಸೀನನು ಜಾಗ ಬಿಡುವುದು ಹೇಗೆ? ಕತ್ತರಿ ಭಂಗಿಯಲ್ಲಿ ಒಂದು ಕಾಲು ಹಿಂದಕ್ಕೆ ಚಾಚಿ ಮೈ ಮುಂದಕ್ಕೆ ಬಾಗುತ್ತದೆ. ಕಾಲಿನ ಸಾಲವನ್ನು ಕತ್ತು ತೀರಿಸುತ್ತದೆ. ಪಾದ ಅಗಲಿಸಿ ಕುಕ್ಕುವ ಬಾಕ್ಸ್ ಭಂಗಿ ಸಭ್ಯವೇ, ಆದರೆ ಭಾರವೆಲ್ಲ ತೊಡೆಯದು. ತೊಡೆ ಸೋತಂತೆ ತಲೆ ತನಗೇ ತಿಳಿಯದೆ ಇಳಿಯುತ್ತದೆ. ಮೇಜರ್ ಲೀಗಿನ ಹಿರಿಯ ಅಂಪೈರ್ ಆಗಿದ್ದ ಜೆರ್ರಿ ಡೇವಿಸ್ ಹೆಸರಿನ ಭಂಗಿಯೇ ಗ್ರಾಹ್ಯ: ಕ್ಯಾಚರನಿಂದ ತುಸು ಹಿಂದೆ ಸರಿದು, ಪಾದ ಅಗಲಿಸಿ, ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟು, ಮೊಣಕೈ ಬಿಗಿಯುವುದು. ಮೈಭಾರವನ್ನು ಸ್ನಾಯು ಬಿಟ್ಟು ಎಲುಬು ಹೊರುತ್ತದೆ. ತೋಳಿನ ಉದ್ದ ಒಂಬತ್ತನೇ ಇನಿಂಗ್ಸಿನಲ್ಲೂ ಕುಗ್ಗದ್ದರಿಂದ ತಲೆ ಅದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಬೆರಳಿಗೆ ಫೌಲ್ ಚೆಂಡು ಬಡಿದರೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಬಾಕ್ಸಿನಲ್ಲಾದರೆ ಒಂದು ಕೈಯನ್ನಾದರೂ ಮರೆಮಾಡಬಹುದು. ಕ್ಯಾಚರನ ಬೆನ್ನು ಒಂದಿಷ್ಟು ಕಾಯುತ್ತದೆ, ಪೂರ್ತಿ ಅಲ್ಲ. ಬೆರಳೋ ಕತ್ತೋ ಎಂಬಲ್ಲಿ ಶಾಸ್ತ್ರ ಕತ್ತಿನ ಪರ.

2026ರಿಂದ ಮೇಜರ್ ಲೀಗಿನಲ್ಲಿ ಸ್ಟ್ರೈಕ್ ತೀರ್ಪಿನ ವಿರುದ್ಧ ಯಂತ್ರಕ್ಕೆ ಮೇಲ್ಮನವಿ ಸಲ್ಲಿಸಬಹುದಲ್ಲ, ಇನ್ನೇಕೆ ಈ ಚರ್ಚೆ ಎನ್ನಬಹುದು. ತಂಡಕ್ಕೆ ಕೊಡುವುದು ಎರಡೇ ಸವಾಲು, ಗೆದ್ದದ್ದು ಮಾತ್ರ ಉಳಿಯುತ್ತದೆ; ಮಿಕ್ಕ ಎಸೆತಗಳಿಗೆಲ್ಲ ಬಗ್ಗಿದ ಮನುಷ್ಯನೇ ಗತಿ. ಯಂತ್ರಕ್ಕೆ ಮಂಡಿಯಿಲ್ಲವಾದ್ದರಿಂದ ಅದು ಈ ಶಾಸ್ತ್ರದ ವ್ಯಾಪ್ತಿಗೂ ಬರುವುದಿಲ್ಲ.